ಕುಲು ಕಣಿವೆಯ ವಿಹಾರ ಮತ್ತು ಸಾಹಸಕ್ರೀಡೆಗಳು

ಹಿಮಾಚಲ ಪ್ರದೇಶದಲ್ಲಿ, ರೋಹ್ತಾಂಗ್ ಪಾಸಿನ ದಕ್ಷಿಣದ ಇಳಿಜಾರಿನಿಂದ ಮೊದಲುಗೊಂಡು ಲಾರ್ಜಿಯ ಇಕ್ಕಟ್ಟಾದ ಕಂದರದವರೆಗೆ, ಬಿಯಾಸ್ ನದಿ ಸುಮಾರು 80 ಕಿಮೀ ದೂರ ಹರಿದು ಪರ್ವತಗಳ ನಡುವೆ ನಿರ್ಮಿಸಿಕೊಂಡಿರುವ ನೀಳವಾದ ಭೂಪ್ರದೇಶಕ್ಕೆ ಕುಲು ಕಣಿವೆಯೆಂದು ಹೆಸರು. ಸಂಸ್ಕೃತ ಗ್ರಂಥಗಳಲ್ಲಿ ಈ ನದಿ ವಿಪಾಶೆ, ಈ ನಾಡು ಕುಲೂತ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಕುಲೂತದ ಅರಸನ ಪ್ರಸ್ತಾಪವುಂಟು. ಏಳನೆಯ ಶತಮಾನದಲ್ಲಿ ಭಾರತವನ್ನು ಸಂಚರಿಸಿದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನೂ ಈ ನಾಡನ್ನು ಉಲ್ಲೇಖಿಸಿದ್ದಾನೆ. ಉತ್ತರದಲ್ಲಿ ಪೀರ್ ಪಂಜಾಲ್ ಶ್ರೇಣಿ, ಪಶ್ಚಿಮದಲ್ಲಿ ಬಡಾ ಭಂಗಾಲದ ಪರ್ವತಗಳು, ಪೂರ್ವದಲ್ಲಿ ಪಾರ್ವತಿ ನದಿಯ ಉಗಮಸ್ಥಾನವನ್ನು ಕಾಯುವ ಹಿಮಶಿಖರಗಳು, ಹೀಗೆ ಮೂರು ದಿಕ್ಕುಗಳಲ್ಲಿಯೂ ಆವೃತವಾದ ಈ ನಾಡಿನಲ್ಲಿ ಕುಲು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,200 ಮೀ, ಮನಾಲಿ ಸುಮಾರು 2,000 ಮೀ, ರೋಹ್ತಾಂಗ್ 3,978 ಮೀ ಎತ್ತರದಲ್ಲಿವೆ. ಒಂದೇ ದಿನದ ಪ್ರಯಾಣದಲ್ಲಿ ದಾಳಿಂಬೆಯ ತೋಟವನ್ನೂ, ಸೇಬಿನ ಬನವನ್ನೂ, ದೇವದಾರು ವನವನ್ನೂ, ಅದರ ಮೇಲಣ ಭೂರ್ಜವೃಕ್ಷಗಳ ಅಂಚನ್ನೂ, ಮರಗಳೇ ಇಲ್ಲದ ಹುಲ್ಲುಗಾವಲನ್ನೂ, ಕಟ್ಟಕಡೆಗೆ ಹಿಮವನ್ನೂ ಅನುಕ್ರಮವಾಗಿ ಹಾದುಹೋಗಬಹುದಾದ ಈ ಎತ್ತರದ ವೈವಿಧ್ಯವೇ ಇಲ್ಲಿನ ವಿಹಾರಗಳೆಲ್ಲಕ್ಕೂ ಮೂಲಕಾರಣ. ನದಿಯ ಮೇಲಿನ ಕ್ರೀಡೆ, ಗಾಳಿಯ ಮೇಲಿನ ಕ್ರೀಡೆ, ಹಿಮದ ಮೇಲಿನ ಕ್ರೀಡೆ ಮೂರೂ ಇಷ್ಟು ಹತ್ತಿರದಲ್ಲಿ ಒದಗುವ ಕಣಿವೆಗಳು ನಮ್ಮ ದೇಶದಲ್ಲಿ ವಿರಳ.

ಇವೆಲ್ಲವುಗಳಲ್ಲಿ ಪ್ರಥಮಸ್ಥಾನ ಕಾಲ್ನಡಿಗೆಗೇ ಸಲ್ಲತಕ್ಕದ್ದು. ಯಂತ್ರದ ನೆರವಿಲ್ಲದೆ ಏರಿದವನಿಗೆ ಮಾತ್ರ ಕಣಿವೆಯ ರಚನೆ ಅರ್ಥವಾಗುತ್ತದೆಂಬುದು ಒಂದು ಕಾರಣವಾದರೆ, ಇಲ್ಲಿ ಇಂದು ಚಾರಣದ ಹಾದಿಗಳೆಂದು ಪ್ರಸಿದ್ಧವಾಗಿರುವುವು ಹೆಚ್ಚಿನಂಶ ಚಾರಣಿಗರಿಗಾಗಿ ಹುಟ್ಟಿದವಲ್ಲ ಎಂಬುದು ಇನ್ನೊಂದು ಕಾರಣ. ಅವು ಗದ್ದಿ ಕುರುಬರ ಹಾದಿಗಳು. ಕಾಂಗ್ರಾ ಮತ್ತು ಚಂಬಾ ಸೀಮೆಯ ಈ ಪಶುಪಾಲಕರು ಚಳಿಗಾಲವನ್ನು ಕೆಳಗಿನ ಬೆಟ್ಟಗಳಲ್ಲಿ ಕಳೆದು, ಬೇಸಿಗೆ ಮೊದಲಾದೊಡನೆ ಕುರಿಮೇಕೆಗಳ ಹಿಂಡನ್ನು ಹೊಡೆದುಕೊಂಡು ಕಣಿವೆಯಿಂದ ಕಣಿವೆಗೆ ಏರುತ್ತ, ಮಳೆಗಾಲಕ್ಕೆ ರೋಹ್ತಾಂಗಿನ ಆಚೆಗಿರುವ ಲಾಹೌಲಿನ ಮಳೆಯಿಲ್ಲದ ಹುಲ್ಲುಗಾವಲುಗಳನ್ನು ಸೇರುತ್ತಾರೆ. ಉಣ್ಣೆಯ ದೊಗಳೆ ನಿಲುವಂಗಿಯಾದ ಚೋಲಾವನ್ನು ತೊಟ್ಟು, ಸೊಂಟಕ್ಕೆ ಡೋರಾ ಎಂಬ ಉದ್ದನೆಯ ಕರಿಯ ಉಣ್ಣೆಹಗ್ಗವನ್ನು ಹಲವು ಸುತ್ತು ಬಿಗಿದ ಗದ್ದಿಯೊಬ್ಬನು ಎದುರಾದಾಗ, ಆ ಹಗ್ಗದ ಮೇಲ್ಗಡೆ ಅಂಗಿಯ ಮಡಿಕೆಯೊಳಗಿಂದ ನಡೆಯಲಾರದ ಎಳೆಯ ಮರಿಯೊಂದು ಮುಖವನ್ನು ಹೊರಚಾಚಿರುವುದನ್ನು ಕಾಣಬಹುದು. ಹಿಮ ಎಲ್ಲಿ ಗಟ್ಟಿಯಾಗಿದೆ, ಯಾವ ತೊರೆಯನ್ನು ಎಷ್ಟು ಹೊತ್ತಿಗೆ ದಾಟಬೇಕು, ರಾತ್ರಿ ತಂಗಲು ಯಾವ ಬಂಡೆಯ ಮರೆ ಸುರಕ್ಷಿತ ಎಂಬ ಜ್ಞಾನವೆಲ್ಲ ಇವರಲ್ಲಿ ಪರಂಪರೆಯಿಂದ ಬಂದಿದೆ. ಇಂದಿನ ಮಾರ್ಗದರ್ಶಕರು ಹೇಳಿಕೊಡುವುದರಲ್ಲಿ ಬಹುಭಾಗ ಇವರಿಂದ ಕಲಿತದ್ದೇ ಆಗಿದೆ.

ಅಂಥ ಹಾದಿಗಳಲ್ಲಿ ಹಂಪ್ತಾ ಪಾಸಿನ ಮಾರ್ಗವನ್ನು ಕೊಂಚ ವಿಸ್ತರಿಸಿ ಹೇಳುವುದು ಉಚಿತ. ಮನಾಲಿಯ ಸಮೀಪದ ಪ್ರೀಣಿ ಗ್ರಾಮದ ಮೇಲಿಂದ ಅಂಕುಡೊಂಕಾಗಿ ಏರುವ ರಸ್ತೆ ಸೇಥನ್ ಎಂಬ ಪುಟ್ಟ ಬೌದ್ಧ ಗ್ರಾಮವನ್ನು ಹಾದು ಜೋಬ್ರಾದವರೆಗೆ ಹೋಗುತ್ತದೆ. ನಡಿಗೆ ಆರಂಭವಾಗುವುದು ಅಲ್ಲಿಂದ. ಮೊದಲ ದಿನ ದೇವದಾರು, ಓಕ್, ಭೂರ್ಜಗಳ ನೆರಳು. ಛೀಕಾ ದಾಟಿದ ಮೇಲೆ ಮರಗಳು ಹಿಂದೆ ಸರಿದು, ರಾಣಿ ನಾಲಾ ಎಂಬ ತೊರೆಯ ಇಕ್ಕೆಲಗಳಲ್ಲೂ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಹಳದಿ, ನೇರಿಳೆ, ನಸುಗೆಂಪು ಬಣ್ಣದ ಕಾಡುಹೂಗಳು ನೆಲವನ್ನೆಲ್ಲ ಆಕ್ರಮಿಸಿರುತ್ತವೆ. ಬಾಲೂ ಕಾ ಘೇರಾ ಎಂಬ, ನದಿ ತಂದೊಡ್ಡಿದ ಮರಳು ಹರಡಿಕೊಂಡಿರುವ ಬಯಲಿನಲ್ಲಿ ತಂಗಿ, ಮರುದಿನ ಬೆಳಗಿನ ಜಾವಕ್ಕೇ ಹೊರಟು ಸುಮಾರು 4,270 ಮೀ ಎತ್ತರದ ಪಾಸನ್ನು ಏರಬೇಕು. ಏರಿ ನಿಂತವನಿಗೆ ಅಲ್ಲಿ ಗೋಚರಿಸುವುದು ಎರಡು ಪ್ರಪಂಚಗಳ ಸೀಮಾರೇಖೆ. ಹಿಂದೆ ತಿರುಗಿದರೆ ಹಸುರೂ ಮಂಜೂ ಬೆರೆತ ಕುಲುವಿನ ಕಡೆ. ಮುಂದೆ ನೋಡಿದರೆ ಕಂದು ಮತ್ತು ಬೂದು ಬಣ್ಣದ, ಗಿಡಗಂಟಿಯಿಲ್ಲದ, ಶುಷ್ಕವಾದ ಲಾಹೌಲ್. ಅರಬ್ಬೀ ಸಮುದ್ರದಿಂದಲೂ ಬಂಗಾಳಕೊಲ್ಲಿಯಿಂದಲೂ ಬರುವ ಮುಂಗಾರಿನ ಮೇಘಗಳು ಪೀರ್ ಪಂಜಾಲವನ್ನು ಹತ್ತಲಾರದೆ ತಮ್ಮ ನೀರನ್ನೆಲ್ಲ ದಕ್ಷಿಣದ ಇಳಿಜಾರಿನಲ್ಲಿಯೇ ಸುರಿಸಿಬಿಡುವುದರಿಂದ ಉಂಟಾದ ವ್ಯತ್ಯಾಸವಿದು. ಪಶ್ಚಿಮಘಟ್ಟದ ಮಳೆನಾಡನ್ನೂ ಅದರ ಪೂರ್ವದ ಬಯಲುಸೀಮೆಯನ್ನೂ ಕಂಡ ಕನ್ನಡಿಗನಿಗೆ ಈ ನಿಯಮ ಹೊಸತಲ್ಲ; ಆದರೆ ಇಲ್ಲಿ ಅದು ಒಂದೇ ಬೆಟ್ಟದ ನೆತ್ತಿಯ ಎರಡು ಪಕ್ಕಗಳಲ್ಲಿ, ಒಂದೇ ನೋಟಕ್ಕೆ, ಪ್ರತ್ಯಕ್ಷವಾಗುತ್ತದೆ.

ಆಚೆಗೆ ಇಳಿದು ಶೇಯಾಗೋರುವಿನಲ್ಲಿ ತಂಗಿದವರು ನದಿಯನ್ನು ದಾಟುವುದು ಬೆಳಗಿನಲ್ಲಿ. ರಾತ್ರಿಯ ಚಳಿಗೆ ಮೇಲಣ ಹಿಮ ಕರಗುವುದು ನಿಂತು ಮುಂಜಾನೆಗೆ ಪ್ರವಾಹ ಇಳಿದಿರುತ್ತದೆ. ಬಿಸಿಲೇರಿದಂತೆ ನೀರು ಏರುತ್ತ, ಮೊಣಕಾಲುದ್ದವಿದ್ದ ತೊರೆ ಮಧ್ಯಾಹ್ನಕ್ಕೆ ತೊಡೆಯನ್ನು ಮುಟ್ಟುತ್ತದೆ. ಬೆನ್ನುಚೀಲದ ಸೊಂಟಪಟ್ಟಿಯನ್ನು ಮೊದಲೇ ಸಡಿಲಿಸಿ, ಜಾರಿದರೆ ಚೀಲವನ್ನು ಕಳಚಿ ಬಿಡುವಂತಿಟ್ಟುಕೊಂಡು, ಪ್ರವಾಹಕ್ಕೆ ಅಭಿಮುಖವಾಗಿ ನಿಂತು, ಒಬ್ಬರ ತೋಳನ್ನೊಬ್ಬರು ಹಿಡಿದು, ಒಂದು ಪಾದ ನೆಲೆಯೂರಿದ ಬಳಿಕವೇ ಇನ್ನೊಂದನ್ನು ಎತ್ತುವುದು ಇಲ್ಲಿನ ಕ್ರಮ. ಕೆಲವೇ ನಿಮಿಷಗಳ ಈ ದಾಟುವಿಕೆಯಲ್ಲಿ ಕಾಲ್ಬೆರಳುಗಳು ಜಡವಾಗಿ ಹೋಗುತ್ತವೆ. ಅಲ್ಲಿಂದ ಚಂದ್ರಾ ನದಿಯ ದಡದ ಛತ್ರುವಿಗೆ ಇಳಿದರೆ ನಡಿಗೆ ಮುಗಿಯಿತು. ಹಲವರು ವಾಹನದಲ್ಲಿ ಚಂದ್ರತಾಲ್ ಸರೋವರದವರೆಗೂ ಮುಂದುವರಿಯುವುದುಂಟು.

ಇತರ ಹಾದಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮನಾಲಿಯ ಸಮೀಪದ ಸೋಲಂಗಿನ ಮೇಲ್ಗಡೆ ಧುಂಡಿಯಿಂದ ಬಿಯಾಸ್ ಕುಂಡಕ್ಕೆ ಹೋಗುವ ಹಾದಿ ಹೊಸಬರಿಗೆ ತಕ್ಕದ್ದು. 4,200 ಮೀ ಮೀರಿದ ಭೃಗು ಸರೋವರದ ಹಾದಿ ಹುಲ್ಲುಗಾವಲಿನ ಸೊಬಗಿಗೆ ಪ್ರಸಿದ್ಧವಾದರೂ, ಎರಡೇ ದಿನಗಳಲ್ಲಿ ಅಷ್ಟು ಎತ್ತರಕ್ಕೆ ಏರಿಸುವುದರಿಂದ ಅದನ್ನು ಸುಲಭವೆನ್ನುವುದು ತಪ್ಪು. ಪಾರ್ವತಿ ಕಣಿವೆಯ ಕಸೋಲಿನ ಶಿಬಿರದಿಂದ ಯೂತ್ ಹಾಸ್ಟೆಲ್ಸ್ ಸಂಘವು ಬೇಸಿಗೆಯಲ್ಲಿ ನಡೆಸಿಕೊಂಡು ಬಂದಿರುವ ಸಾರ್ ಪಾಸ್ ಚಾರಣದಲ್ಲಿ ಕರ್ನಾಟಕದ ಎಷ್ಟೋ ತರುಣ ತರುಣಿಯರು ಹಿಮದ ಮೇಲೆ ಮೊದಲ ಹೆಜ್ಜೆಯಿಟ್ಟಿದ್ದಾರೆ. ಅದೇ ಕಣಿವೆಯ ಮಣಿಕರಣದಲ್ಲಿ ಭೂಗರ್ಭದಿಂದ ಕುದಿಯುತ್ತ ಬರುವ ನೀರಿನಲ್ಲಿ ಗುರುದ್ವಾರದ ಲಂಗರಿಗಾಗಿ, ಎಂದರೆ ಸಾಮೂಹಿಕ ಭೋಜನಕ್ಕಾಗಿ, ಅನ್ನ ಬೇಳೆಗಳನ್ನು ಬೇಯಿಸುವುದನ್ನು ನೋಡಬಹುದು. ಅಲ್ಲಿಂದ ಮೇಲಕ್ಕೆ ಹೋಗಿ, ಬರ್ಶೇಣಿಯಿಂದ ಒಂದು ದಿನ ನಡೆದರೆ ಖೀರ್‌ಗಂಗೆಯ ಬಿಸಿನೀರಿನ ಕೊಳ. 5,300 ಮೀ ಮೀರಿದ ಪಿನ್ ಪಾರ್ವತಿ ಪಾಸನ್ನು ದಾಟಿ ಸ್ಪಿತಿಗೆ ಹೋಗುವ ದೀರ್ಘಮಾರ್ಗ ಅನುಭವಿಗಳಿಗೆ ಮಾತ್ರ ಮೀಸಲಾದದ್ದು. ನಗ್ಗರದಿಂದ ರೂಮ್ಸೂ ಗ್ರಾಮದ ಮೂಲಕ ಚಂದ್ರಖಣಿಯನ್ನು ಏರಿ ಮಲಾಣಾಕ್ಕೆ ಇಳಿಯುವ ಹಾದಿಯಲ್ಲಿ ಸಂಚರಿಸುವವರು ನೆನಪಿಡಬೇಕಾದ ಸಂಗತಿಯೊಂದಿದೆ: ಕನಾಶಿ ಎಂಬ ತಮ್ಮದೇ ಭಾಷೆಯನ್ನಾಡುವ ಮಲಾಣಾದ ಜನ ತಮ್ಮ ದೇವರಾದ ಜಮ್ಲುವಿನ ಗುಡಿಯನ್ನು ಪರಸ್ಥಳದವರು ಮುಟ್ಟುವುದನ್ನು ಸಹಿಸುವುದಿಲ್ಲ. ಅತಿಥಿಯಾಗಿ ಹೋದವನಿಗೆ ಆ ನಿಯಮವನ್ನು ಪ್ರಶ್ನಿಸುವ ಅಧಿಕಾರವಿಲ್ಲ. ಪಾಲಿಸುವುದೊಂದೇ ಅವನ ಪಾಲಿನ ಕೆಲಸ.

ಪಾಸುಗಳನ್ನು ಏರಲಾರದವರಿಗೆ ನಗ್ಗರದ ಸುತ್ತಣ ಅರ್ಧದಿನದ ನಡಿಗೆಗಳೇ ಸಾಕು. ಕಲ್ಲು ಮತ್ತು ದೇವದಾರು ತೊಲೆಗಳನ್ನು ಪದರಪದರವಾಗಿ ಜೋಡಿಸಿ, ಗಾರೆಯಿಲ್ಲದೆ ಕಟ್ಟುವ ಕಾಠ್‌ಕುಣಿ ಪದ್ಧತಿಯ ಹಳೆಯ ಕೋಟೆಮನೆ ಅಲ್ಲಿದೆ. ರಷ್ಯದ ಚಿತ್ರಕಾರ ನಿಕೊಲಾಯ್ ರೋರಿಕ್ 1928ರಿಂದ 1947ರಲ್ಲಿ ಕಾಲವಾಗುವವರೆಗೆ ಈ ಊರಿನಲ್ಲಿ ನೆಲೆಸಿ, ಎದುರಿನ ಹಿಮಶಿಖರಗಳ ಬಣ್ಣಗಳನ್ನು ಮತ್ತೆ ಮತ್ತೆ ಚಿತ್ರಿಸಿದನು. ಅವನ ಮಗ ಸ್ವೆತೊಸ್ಲಾವ್ ರೋರಿಕ್ ಮತ್ತು ಸೊಸೆ, ನಟಿ ದೇವಿಕಾ ರಾಣಿ, ಕುಲುವನ್ನು ಬಿಟ್ಟು ಬಂದು ನೆಲೆಸಿದ್ದು ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಲ್ಲಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಚಿತ್ರಗಳನ್ನು ನೋಡಿ ಮನಸೋತವರು, ಆ ನೀಲಿಯೂ ಆ ಕೇಸರಿಯೂ ಚಿತ್ರಕಾರನ ಕಲ್ಪನೆಯಲ್ಲವೆಂಬುದನ್ನು ನಗ್ಗರದ ಒಂದು ಸಂಜೆಯಲ್ಲಿ ಮನಗಾಣುವರು.

ಶಿಖರಾರೋಹಣದ ಇತಿಹಾಸವೂ ಇಲ್ಲಿ ಒಂದು ಶತಮಾನವನ್ನು ಮೀರಿದೆ. ಮುಂದೆ 1922 ಮತ್ತು 1924ರ ಎವರೆಸ್ಟ್ ಯಾತ್ರೆಗಳ ನಾಯಕನಾದ ಚಾರ್ಲ್ಸ್ ಬ್ರೂಸ್ 1912ರಲ್ಲಿ ಕುಲುವಿಗೆ ಬಂದಿದ್ದಾಗ, ಅವನ ಜೊತೆಗಿದ್ದ ಸ್ವಿಸ್ ಮಾರ್ಗದರ್ಶಕ ಹೈನ್ರಿಷ್ ಫ್ಯೂರರ್ ಸುಮಾರು 5,900 ಮೀ ಎತ್ತರದ ಹನುಮಾನ್ ಟಿಬ್ಬಾವನ್ನು ಏರಿದನು. 6,001 ಮೀ ಎತ್ತರದ ದೇವ್ ಟಿಬ್ಬಾ 1952ರಲ್ಲಿಯೂ, ಅದರ ನೆರೆಯ ಇಂದ್ರಾಸನ 1962ರಲ್ಲಿ ಜಪಾನೀ ತಂಡವೊಂದರಿಂದಲೂ ಆರೋಹಿಸಲ್ಪಟ್ಟುವು. 1961ರಲ್ಲಿ ಮನಾಲಿಯಲ್ಲಿ ಸ್ಥಾಪಿತವಾಗಿ, ಈಗ ಅಟಲ್ ಬಿಹಾರಿ ವಾಜಪೇಯಿಯವರ ಹೆಸರನ್ನು ಹೊತ್ತಿರುವ ಪರ್ವತಾರೋಹಣ ಸಂಸ್ಥೆ, ಹಗ್ಗ ಕಟ್ಟುವುದರಿಂದ ಮೊದಲುಮಾಡಿ ಹಿಮಗೊಡಲಿಯ ಉಪಯೋಗದವರೆಗೆ ಎಲ್ಲವನ್ನೂ ಕ್ರಮಬದ್ಧವಾಗಿ ಕಲಿಸುತ್ತದೆ. ಬೆಟ್ಟದ ಕ್ರೀಡೆಯಲ್ಲಿ ನಿಜವಾದ ಆಸಕ್ತಿಯುಳ್ಳ ಯುವಕರು ಹಣವನ್ನು ಬೆಲೆಬಾಳುವ ಸಲಕರಣೆಗಳಿಗಿಂತ ಮೊದಲು ಇಂಥ ಶಿಕ್ಷಣಕ್ಕೆ ವಿನಿಯೋಗಿಸುವುದು ಮೇಲು.

ಇನ್ನು ನದಿ. ಕುಲು ಪಟ್ಟಣದ ಸಮೀಪದ ಪಿರ್ಡಿಯಿಂದ ಝೀರಿಯವರೆಗೆ ಸುಮಾರು 14 ಕಿಮೀ ದೂರ ಬಿಯಾಸ್ ನದಿಯಲ್ಲಿ ರಬ್ಬರಿನ ತೆಪ್ಪಗಳನ್ನು ನಡೆಸುತ್ತಾರೆ. ನಡುವೆ ಭುಂತರಿನಲ್ಲಿ ಪಾರ್ವತಿ ನದಿ ಬಂದು ಸೇರಿ ನೀರು ಒಮ್ಮೆಲೇ ಹೆಚ್ಚುತ್ತದೆ. ತೆಪ್ಪದ ಹಿಂಬದಿಯಲ್ಲಿ ಕುಳಿತ ನಾವಿಕನ ಕೂಗಿಗೆ ಎಲ್ಲರೂ ಏಕಕಾಲಕ್ಕೆ ಹುಟ್ಟುಹಾಕಿದಾಗ ಮಾತ್ರ ತೆಪ್ಪ ಅಲೆಯ ಬೆನ್ನನ್ನು ಏರುತ್ತದೆ. ಒಬ್ಬ ಹೆದರಿ ಕೈಬಿಟ್ಟರೂ ಅಡ್ಡ ತಿರುಗುತ್ತದೆ. ತೇಲುಕವಚ ಮತ್ತು ಶಿರಸ್ತ್ರಾಣಗಳಿಲ್ಲದೆ ಯಾರನ್ನೂ ಹತ್ತಿಸಕೂಡದು. ಮಳೆಗಾಲದ ಪ್ರವಾಹದ ಕಾರಣದಿಂದ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಈ ಕ್ರೀಡೆಗೆ ಸರ್ಕಾರದ ನಿಷೇಧವುಂಟು. ಆ ಅವಧಿಯಲ್ಲಿ ಗುಟ್ಟಾಗಿ ಕರೆದೊಯ್ಯುತ್ತೇವೆಂದು ಬರುವವರ ಮಾತಿಗೆ ಕಿವಿಗೊಡಬಾರದು.

ತೆಪ್ಪದಲ್ಲಿರುವ ಅಪಾಯಕ್ಕಿಂತ ದಡದಲ್ಲಿರುವ ಅಪಾಯ ದೊಡ್ಡದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. 2014ರ ಜೂನ್ 8ರಂದು, ಕುಲು ಕಣಿವೆ ಮುಗಿಯುವ ಲಾರ್ಜಿಯ ಕೆಳಗೆ, ಪ್ರವಾಸ ಬಂದಿದ್ದ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಚಿತ್ರ ತೆಗೆದುಕೊಳ್ಳಲು ನದಿಯ ನಡುವಿನ ಬಂಡೆಗಳ ಮೇಲೆ ಇಳಿದಿದ್ದ ಸಮಯದಲ್ಲಿ ಮೇಲಣ ಜಲಾಶಯದಿಂದ ನೀರು ಬಿಡಲಾಗಿ, ಇಪ್ಪತ್ತನಾಲ್ಕು ಮಂದಿ ವಿದ್ಯಾರ್ಥಿಗಳು ಕೊಚ್ಚಿಹೋದರು. ಬಿಸಿಲಿನಲ್ಲಿ ಹೊಳೆಯುತ್ತಿರುವ ಒಣಬಂಡೆ ನಿರಪಾಯವೆಂದು ತೋರುತ್ತದೆ. ಆದರೆ ಅಣೆಕಟ್ಟಿನ ಕೆಳಗಿನ ನದಿಯಲ್ಲಿ ಆಕಾಶ ನಿರ್ಮಲವಾಗಿದ್ದಾಗಲೂ ಪ್ರವಾಹ ಬರಬಹುದು. ದಕ್ಷಿಣದ ಶಾಲಾಕಾಲೇಜುಗಳಿಂದ ವಿದ್ಯಾರ್ಥಿಗಳನ್ನು ಕರೆತರುವ ಉಪಾಧ್ಯಾಯರು ಪ್ರವಾಸದ ಮೊದಲ ದಿನವೇ ಈ ವಿಷಯವನ್ನು ಮಕ್ಕಳಿಗೆ ತಿಳಿಯಹೇಳತಕ್ಕದ್ದು. 2023ರ ಜುಲೈ ತಿಂಗಳಿನ ಮಹಾಪೂರದಲ್ಲಿ ಇದೇ ನದಿ ಕುಲು ಮತ್ತು ಮನಾಲಿಗಳ ನಡುವಿನ ಹೆದ್ದಾರಿಯನ್ನೂ ದಡದ ಕಟ್ಟಡಗಳನ್ನೂ ಹಲವೆಡೆ ಕಿತ್ತುಕೊಂಡು ಹೋಯಿತು.

ಗಾಳಿಯ ಕ್ರೀಡೆ ಸೋಲಂಗ್ ಮತ್ತು ಡೋಭಿಗಳಲ್ಲಿ ನಡೆಯುತ್ತದೆ. ಬಿಸಿಲಿಗೆ ಕಾದ ಇಳಿಜಾರಿನಿಂದ ಮೇಲೇಳುವ ಬೆಚ್ಚನೆಯ ಗಾಳಿ ಪ್ಯಾರಾಗ್ಲೈಡರಿನ ಬಟ್ಟೆಯ ರೆಕ್ಕೆಯನ್ನು ಎತ್ತಿ ಹಿಡಿಯುತ್ತದೆ. ಮಧ್ಯಾಹ್ನಾನಂತರ ಕಣಿವೆಯ ಗಾಳಿ ಬಿರುಸಾಗಿ ಹೊರಳುವುದರಿಂದ ಪೂರ್ವಾಹ್ನವೇ ಪ್ರಶಸ್ತ. ಚಾಲಕನಿಗೆ ಪರವಾನಗಿಯಿದೆಯೇ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಚಳಿಗಾಲದಲ್ಲಿ, ಜನವರಿಯಿಂದ ಮಾರ್ಚಿಯವರೆಗೆ, ಸೋಲಂಗಿನ ಇಳಿಜಾರುಗಳು ಸ್ಕೀ ಆಟಕ್ಕೆ ತೆರೆದುಕೊಳ್ಳುತ್ತವೆ. ಸೇಥನ್ ಗ್ರಾಮದಲ್ಲಿ ಹಿಮದ ಗುಮ್ಮಟಮನೆಗಳನ್ನು ಕಟ್ಟಿ ಪ್ರವಾಸಿಗರನ್ನು ತಂಗಿಸುವುದೂ ಉಂಟು. ಸೈಕಲ್ಲಿನವರಿಗೆ ಮನಾಲಿಯಿಂದ ಲೇಹ್‌ವರೆಗಿನ ಹಾದಿ ಪ್ರಿಯವಾದುದು. ಅದು ಬಹುಬೇಗ ಈ ಕಣಿವೆಯನ್ನು ಬಿಟ್ಟುಹೋಗುವುದರಿಂದ ಇಲ್ಲಿ ವಿಸ್ತರಿಸುವುದು ಅನವಶ್ಯಕ.

ಗದ್ದಲವನ್ನು ಬಯಸದವರು ಬರಬೇಕಾದದ್ದು ದಕ್ಷಿಣದ ತೀರ್ಥನ್ ಮತ್ತು ಸೈಂಜ್ ಉಪಕಣಿವೆಗಳಿಗೆ. ಇವುಗಳ ಮೇಲ್ಭಾಗದಲ್ಲಿ 754 ಚ.ಕಿಮೀ ವಿಸ್ತೀರ್ಣದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನವಿದ್ದು, 2014ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಒಳಗೆ ಮೋಟಾರು ರಸ್ತೆಯಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ಗುಶೈಣಿಯ ಕಡೆಯಿಂದ ನದಿಯ ಅಂಚಿನಲ್ಲೇ ನಡೆದು ರೋಲಾವನ್ನು ಸೇರಬೇಕು. ಹಿಮಚಿರತೆ, ಕಂದು ಕರಡಿ, ಕಸ್ತೂರಿಮೃಗ, ಭರಲ್ ಎಂಬ ನೀಲಕುರಿ ಇಲ್ಲಿನ ಎತ್ತರಗಳಲ್ಲಿ ವಾಸಿಸುವುವಾದರೂ ಸಾಮಾನ್ಯ ಪ್ರವಾಸಿಗೆ ಅವುಗಳ ದರ್ಶನ ದುರ್ಲಭ. ಪಕ್ಷಿಗಳೇ ಇಲ್ಲಿನ ನಿಜವಾದ ಸಂಪತ್ತು. ಹಿಮಾಚಲದ ರಾಜ್ಯಪಕ್ಷಿಯಾದ ಪಶ್ಚಿಮದ ಟ್ರಾಗೊಪಾನನ್ನು ಇಲ್ಲಿಯ ಜನ ಜುಜುರಾಣಾ ಎಂದು ಕರೆಯುತ್ತಾರೆ. ಸೃಷ್ಟಿಯ ಕಾಲದಲ್ಲಿ ಎಲ್ಲ ಹಕ್ಕಿಗಳೂ ತಮ್ಮ ತಮ್ಮ ಅಂದದ ಗರಿಯೊಂದನ್ನು ಇದಕ್ಕೆ ಕೊಟ್ಟುವೆಂಬ ಕಥೆ ಅವರಲ್ಲಿದೆ. ಕಪ್ಪು ಮೈಮೇಲೆ ಬಿಳಿಯ ಚುಕ್ಕೆಗಳು, ಕೊರಳಲ್ಲಿ ಕೆಂಪು, ಮುಖದ ಸುತ್ತ ಬೋಳುಚರ್ಮ. ಬಿದಿರುಪೊದೆಗಳ ಒಳಗಿನಿಂದ ಹೊರಬರದ ಈ ನಾಚಿಕೆಯ ಪಕ್ಷಿಯ ಕೂಗು, ದಾರಿತಪ್ಪಿದ ಮೇಕೆಮರಿಯ ಅರಚಿನಂತೆ, ಏಪ್ರಿಲ್ ಮೇ ತಿಂಗಳುಗಳ ಮುಂಬೆಳಗಿನಲ್ಲಿ ಕೇಳಿಬರುತ್ತದೆ. ಕೇಳಿದವರು ಅನೇಕರು, ಕಂಡವರು ಕೆಲವರೇ. ಅದಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳುವುದು ಮೊನಾಲ್: ಬೆಟ್ಟದ ಅಂಚಿನಿಂದ ಕೆಳಕ್ಕೆ ಹಾರಿಬಿಡುವಾಗ ಅದರ ಬೆನ್ನಿನ ಬಿಳಿಯೂ ರೆಕ್ಕೆಯ ಹಸುರು ನೀಲಿಗಳೂ ಕ್ಷಣಕಾಲ ಹೊಳೆದು ಮರೆಯಾಗುತ್ತವೆ.

ತೀರ್ಥನ್ ನದಿ ಟ್ರೌಟ್ ಮೀನಿಗೆ ಹೆಸರಾದದ್ದು. ಈ ಮೀನು ಹಿಮಾಲಯದ್ದಲ್ಲ. ಬ್ರಿಟಿಷರು ತಮ್ಮ ವಿನೋದಕ್ಕಾಗಿ ಯೂರೋಪಿನಿಂದ ಕಾಶ್ಮೀರಕ್ಕೆ ತಂದುದನ್ನು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿಯ ಅಧಿಕಾರಿಯಾಗಿದ್ದ ಹೋವೆಲ್ ಎಂಬಾತ ಕುಲುವಿನ ತೊರೆಗಳಿಗೂ ಬಿಡಿಸಿದನು. ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಪರವಾನಗಿ ಕಡ್ಡಾಯ. ಮೊಟ್ಟೆಯಿಡುವ ಕಾಲವಾದ ನವೆಂಬರಿನಿಂದ ಫೆಬ್ರವರಿಯವರೆಗೆ ಹಿಡಿಯುವಂತಿಲ್ಲ. ತೀರ್ಥನ್ ನದಿಯ ಮೇಲೆ ಜಲವಿದ್ಯುತ್ ಯೋಜನೆಗಳನ್ನು ಸ್ಥಳೀಕರು ವಿರೋಧಿಸಿ ತಡೆದದ್ದರಿಂದಲೇ ಅದು ಇಂದಿಗೂ ಅಡೆತಡೆಯಿಲ್ಲದೆ ಹರಿಯುತ್ತಿದೆ. ಅದರ ದಡದಲ್ಲಿ ಕುಳಿತು ಸುಖಪಡುವ ಪ್ರವಾಸಿ ಈ ಉಪಕಾರವನ್ನು ಮರೆಯಬಾರದು.

ಶರತ್ಕಾಲದಲ್ಲಿ ಬರುವವರಿಗೆ ಕುಲು ಪಟ್ಟಣದ ಢಾಲಪುರ ಮೈದಾನದಲ್ಲಿ ದಸರಾ ಉತ್ಸವವೂ ದೊರೆಯುತ್ತದೆ. ಮೈಸೂರಿನಲ್ಲಿ ಜಂಬೂಸವಾರಿಯೊಡನೆ ದಸರಾ ಮುಗಿಯುವ ವಿಜಯದಶಮಿಯ ದಿನವೇ ಇಲ್ಲಿ ಅದರ ಆರಂಭ. ರಘುನಾಥಜಿಯ ರಥವನ್ನು ಜನ ಹಗ್ಗ ಹಿಡಿದು ಎಳೆದ ಬಳಿಕ ಏಳು ದಿನಗಳ ಕಾಲ ಉತ್ಸವ ನಡೆಯುತ್ತದೆ. ನೂರಾರು ಗ್ರಾಮದೇವತೆಗಳನ್ನು ಅವರವರ ಊರಿನವರು ಪಲ್ಲಕ್ಕಿಗಳಲ್ಲಿ ಹೊತ್ತು, ಡೋಲು ಮತ್ತು ಕಹಳೆಗಳೊಡನೆ, ಬೆಟ್ಟದ ಹಾದಿಗಳಲ್ಲಿ ನಡೆದೇ ಬರುತ್ತಾರೆ. ಅಂಥ ಮೆರವಣಿಗೆಯೊಂದರ ಹಿಂದೆ ಗೌರವದಿಂದ ನಾಲ್ಕು ಹೆಜ್ಜೆ ನಡೆಯುವುದು ಇಲ್ಲಿನ ಯಾವ ಸಾಹಸಕ್ರೀಡೆಗೂ ಕಡಿಮೆಯಲ್ಲದ ಅನುಭವ.

2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿಮೀ ಉದ್ದದ ಅಟಲ್ ಸುರಂಗದಿಂದಾಗಿ ಲಾಹೌಲ್ ಈಗ ವರ್ಷದ ಬಹುಭಾಗ ಮನಾಲಿಯ ನೆರೆಯಾಗಿದೆ. ಲಾಹೌಲಿನ ರೋಗಿಗೂ ರೈತನಿಗೂ ಅದರಿಂದಾದ ಉಪಕಾರ ದೊಡ್ಡದು. ಆದರೆ ವಾಹನಗಳ ಸಂದಣಿಯೂ ಹೆಚ್ಚಿದೆ. ಹಸಿರು ನ್ಯಾಯಮಂಡಳಿಯ ಆದೇಶದಂತೆ ರೋಹ್ತಾಂಗಿಗೆ ಹೋಗುವ ಪ್ರವಾಸಿ ವಾಹನಗಳ ದೈನಿಕ ಸಂಖ್ಯೆಗೆ ಮಿತಿಯಿದ್ದು, ಮುಂಗಡ ಅನುಮತಿ ಬೇಕಾಗುತ್ತದೆ. ಬೆಳಗ್ಗೆ ಕಾರಿನಲ್ಲಿ ಏರಿ ಸಂಜೆಗೆ ಇಳಿಯುವವರಿಗೆ ತಲೆನೋವು ವಾಕರಿಕೆಗಳು ಬಂದರೆ ಅದು ಆಹಾರದ ದೋಷವೆಂದು ಭಾವಿಸುವುದು ವಾಡಿಕೆ. ವಾಸ್ತವವಾಗಿ 4,000 ಮೀ ಎತ್ತರದಲ್ಲಿ ಪ್ರತಿ ಉಸಿರಿನಲ್ಲೂ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಅರುವತ್ತು ಶತಾಂಶ ಮಾತ್ರ. 3,000 ಮೀ ಮೀರಿದ ಮೇಲೆ ಮಲಗುವ ಎತ್ತರವನ್ನು ದಿನವೊಂದಕ್ಕೆ 300ರಿಂದ 500 ಮೀಟರಿಗಿಂತ ಹೆಚ್ಚಿಸಬಾರದು; ತಲೆನೋವು ಬಿಡದಿದ್ದರೆ, ಹೆಜ್ಜೆ ತಡವರಿಸಿದರೆ, ಕುಳಿತಲ್ಲಿಯೂ ಉಸಿರು ಕಟ್ಟಿದರೆ, ರಾತ್ರಿಯಾದರೂ ಸರಿಯೆ, ಕೆಳಗಿಳಿಯುವುದೇ ಚಿಕಿತ್ಸೆ.

ಕರ್ನಾಟಕದಿಂದ ಮೊದಲ ಬಾರಿಗೆ ಹೋಗುವವರು ಮೇ ಜೂನಿನ ನೂಕುನುಗ್ಗಲನ್ನೂ ಮಳೆಗಾಲದ ಭೂಕುಸಿತಗಳನ್ನೂ ಬಿಟ್ಟು, ಆಕಾಶ ತಿಳಿಯಾಗಿ ಸೇಬಿನ ಕೊಯ್ಲು ಇನ್ನೂ ನಡೆಯುತ್ತಿರುವ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮಧ್ಯದವರೆಗಿನ ಕಾಲವನ್ನು ಆರಿಸಿಕೊಳ್ಳಲಿ. ಮನಾಲಿಯಲ್ಲಿಯೋ ನಗ್ಗರದಲ್ಲಿಯೋ ಎರಡು ರಾತ್ರಿ ತಂಗಿ ಮೈಯನ್ನು ಎತ್ತರಕ್ಕೆ ಒಗ್ಗಿಸಿಕೊಂಡು, ಆ ಊರಿನವನನ್ನೇ ಮಾರ್ಗದರ್ಶಕನನ್ನಾಗಿ ಗೊತ್ತುಮಾಡಿಕೊಂಡು, ಅನಂತರ ಹೊರಡಲಿ.